ಪ್ರಮಾಣಪತ್ರದೋಷವಿಚಾರ: ಹಳೆಯ ಲಿನಕ್ಸ್ ಯಂತ್ರಗಳಲ್ಲಿ ಉಂಟಾಗುವ ತಡೆಯೂ ಅದರ ಪರಿಹಾರವೂ

ಹಸ್ತಪ್ರತಿಗಳ ಛಾಯಾಚಿತ್ರಗಳನ್ನೂ ಹಳೆಯ ಮುದ್ರಿತ ಗ್ರಂಥಗಳ ಪ್ರತಿಗಳನ್ನೂ ಅಂತರ್ಜಾಲದಿಂದ ನೂರಾರು ಪುಟಗಳ ಲೆಕ್ಕದಲ್ಲಿ ತರಿಸಿಕೊಳ್ಳುವ ವಿದ್ವಾಂಸರು ಈಗ ನಮ್ಮಲ್ಲಿ ಕಡಮೆಯೇನೂ ಇಲ್ಲ. ಒಂದೊಂದು ಪುಟವನ್ನೂ ಬ್ರೌಸರಿನಲ್ಲಿ ಒತ್ತಿ ತೆಗೆಯುವುದು ಪ್ರಯಾಸಕರವಾದುದರಿಂದ ಅವರಲ್ಲಿ ಕೆಲವರು ಕರ್ಲ್, ಡಬ್ಲ್ಯುಗೆಟ್, ಗಿಟ್ ಎಂಬ ಕಮಾಂಡ್‌ಲೈನ್ ಸಾಧನಗಳನ್ನು ಆಶ್ರಯಿಸಿರುತ್ತಾರೆ. ಯಂತ್ರವು ಹಳೆಯದಾಗಿದ್ದು ಅದರಲ್ಲಿರುವ ಲಿನಕ್ಸ್ ಕೂಡ ಹಳೆಯ ಆವೃತ್ತಿಯದಾಗಿದ್ದರೆ, ನಿನ್ನೆಯ ದಿನ ನಡೆದ ಕೆಲಸವು ಇಂದು ನಡೆಯದೆ, ‘ಸರ್ಟಿಫಿಕೇಟಿನ ಅವಧಿ ತೀರಿದೆ’ ಎಂದೋ ‘ಇದನ್ನು ಕೊಟ್ಟವರು ಯಾರೆಂದು ತಿಳಿಯದು’ ಎಂದೋ ಒಂದು ವಾಕ್ಯವನ್ನು ತೋರಿಸಿ ಸಾಧನವು ನಿಂತುಬಿಡುವುದುಂಟು. ಆಗ ಪರಿಶೀಲನೆಯನ್ನೇ ನಿಲ್ಲಿಸುವ ಒಂದು ಸ್ವಿಚ್ಚನ್ನು ಸೇರಿಸಿಕೊಳ್ಳಿರೆಂಬ ಉಪದೇಶವು ಎಲ್ಲ ಕಡೆಯಿಂದಲೂ ದೊರೆಯುತ್ತದೆ. ಆ ಉಪದೇಶವು ಗ್ರಾಹ್ಯವಲ್ಲವೆಂಬುದನ್ನೂ, ದೋಷದ ನಿಜವಾದ ಕಾರಣವನ್ನೂ, ಅದನ್ನು ನಿವಾರಿಸತಕ್ಕ ಕ್ರಮವನ್ನೂ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

೧. ಪ್ರಮಾಣಪತ್ರದ ಸ್ವರೂಪ

ನಮ್ಮ ದೇಶದ ತಾಮ್ರಶಾಸನಗಳ ಪರಿಚಯವುಳ್ಳವರಿಗೆ ಈ ವಿಷಯವು ಕಠಿನವಲ್ಲ. ದಾನಶಾಸನವೊಂದು ಕೈಗೆ ಬಂದಾಗ ಶೋಧಕನು ನಾಲ್ಕು ಪ್ರಶ್ನೆಗಳನ್ನು ಕೇಳುತ್ತಾನಷ್ಟೆ: ಇದು ಯಾರ ಹೆಸರಿನದು? ಇದರಲ್ಲಿ ಹೇಳಿದ ಕಾಲವು ಸಲ್ಲತಕ್ಕದ್ದೇ? ಬಳೆಗೆ ಹೊಯ್ದಿರುವ ಮುದ್ರೆಯು ಅಕ್ಷತವಾಗಿದೆಯೇ? ಆ ಮುದ್ರೆಯು ನಾವು ಬೇರೆ ಕಡೆಯಿಂದ ಬಲ್ಲ ಮುದ್ರೆಯೇ? ಚಾಲುಕ್ಯರದು ವರಾಹಮುದ್ರೆ, ಗಂಗರದು ಗಜಮುದ್ರೆ ಎಂಬ ಜ್ಞಾನವು ಮೊದಲೇ ಇದ್ದಲ್ಲದೆ ನಾಲ್ಕನೆಯ ಪ್ರಶ್ನೆಗೆ ಉತ್ತರವಿಲ್ಲ. ಗಂಗರ ತಾಮ್ರಪಟಗಳಲ್ಲಿ ಅನೇಕವನ್ನು ಫ್ಲೀಟರು ಕೂಟಶಾಸನಗಳೆಂದು ತಳ್ಳಿಹಾಕಿದುದೂ, ಅದರ ಮೇಲೆ ನಡೆದ ವಾದವೂ ವಾಚಕರಿಗೆ ವಿದಿತವಾಗಿಯೇ ಇದೆ. ಬರೆಹವಿದೆಯೆಂದಮಾತ್ರಕ್ಕೆ ನಂಬತಕ್ಕದ್ದಲ್ಲ, ಪರೀಕ್ಷಿಸಿ ನಂಬತಕ್ಕದ್ದು ಎಂಬುದೇ ಅಲ್ಲಿಯ ನೀತಿ.

ಗಣಕಯಂತ್ರಗಳ ಲೋಕದಲ್ಲಿಯೂ ಇದೇ ನೀತಿಯು ನಡೆಯುತ್ತದೆ. ದೂರದ ಸರ್ವರೊಂದು ತಾನು ಇಂಥ ಹೆಸರಿನದೆಂದು ಹೇಳಿಕೊಳ್ಳುವಾಗ ಒಂದು ಪ್ರಮಾಣಪತ್ರವನ್ನು ಒಪ್ಪಿಸುತ್ತದೆ. ಇದರ ಆಕಾರವನ್ನು ಗೊತ್ತುಮಾಡುವ ಎಕ್ಸ್.೫೦೯ ಎಂಬ ನಿಬಂಧನೆಯು ಮೊದಲು ೧೯೮೮ರಲ್ಲಿ ಪ್ರಕಟವಾಯಿತು. ಪತ್ರದಲ್ಲಿ ಸರ್ವರಿನ ಹೆಸರು, ಅದರ ಬಹಿರಂಗ ಕೀಲಿ, ಪತ್ರವು ಸಲ್ಲತೊಡಗುವ ದಿನ, ತೀರುವ ದಿನ, ಪತ್ರವನ್ನು ಕೊಟ್ಟವರ ಹೆಸರು ಮತ್ತು ಅವರ ಸಹಿ ಇಷ್ಟೂ ಇರುತ್ತವೆ. ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳಿಗೂ ಇದರಲ್ಲಿ ಅವಕಾಶವುಂಟೆಂಬುದನ್ನು ಗಮನಿಸಬೇಕು. ಸಾಧನಗಳು ತೋರಿಸುವ ದೋಷವಾಕ್ಯಗಳೆಲ್ಲವೂ ಈ ನಾಲ್ಕರಲ್ಲಿ ಯಾವುದಾದರೊಂದಕ್ಕೆ ಉತ್ತರ ದೊರೆಯಲಿಲ್ಲವೆಂಬುದನ್ನೇ ಹೇಳುತ್ತವೆ.

ಸಹಿ ಹಾಕಿದವರನ್ನು ನಂಬುವುದು ಹೇಗೆ? ಅವರಿಗೂ ಇನ್ನೊಬ್ಬರು ಕೊಟ್ಟ ಪತ್ರವುಂಟು; ಆ ಇನ್ನೊಬ್ಬರಿಗೆ ಮತ್ತೊಬ್ಬರು. ಹೀಗೆ ಸಾಗಿದರೆ ತಾರ್ಕಿಕರು ಹೇಳುವ ಅನವಸ್ಥಾದೋಷವು ಬರುವುದು ನಿಶ್ಚಯ. ಅದನ್ನು ತಪ್ಪಿಸುವುದಕ್ಕಾಗಿ ಸರಪಳಿಯ ಕೊನೆಯಲ್ಲಿ ‘ರೂಟ್’ ಎಂಬ ಮೂಲಪತ್ರವೊಂದನ್ನು ಇರಿಸಿದ್ದಾರೆ. ಮೂಲಪತ್ರಕ್ಕೆ ಅದರದೇ ಸಹಿ. ತನ್ನನ್ನು ತಾನೇ ಹೊಗಳಿಕೊಂಡವನ ಮಾತು ಪ್ರಮಾಣವಾಗಲಾರದಷ್ಟೆ. ಆದುದರಿಂದ ಮೂಲಪತ್ರದ ಪ್ರಾಮಾಣ್ಯವು ಅದರ ಸಹಿಯಿಂದ ಬಂದುದಲ್ಲ. ಪರೀಕ್ಷೆ ಮಾಡಿ ಆಪ್ತವೆಂದು ಒಪ್ಪಿದವರು ಅದನ್ನು ಮುಂಚಿತವಾಗಿಯೇ ನಮ್ಮ ಯಂತ್ರದೊಳಗಿನ ಭಂಡಾರದಲ್ಲಿ ಇರಿಸಿರುವುದರಿಂದ ಬಂದುದು.

೨. ಯಂತ್ರದ ಭಂಡಾರ

ಲಿನಕ್ಸಿನ ಬಹುಪಾಲು ವಿತರಣೆಗಳಲ್ಲಿ ಈ ಭಂಡಾರವು ಮೊಜಿಲ್ಲಾ ಸಂಸ್ಥೆಯವರು ಪರಿಶೀಲಿಸಿ ಪ್ರಕಟಿಸುವ ಪಟ್ಟಿಯನ್ನು ಅನುಸರಿಸಿದೆ. ‘ಸಿಎ-ಸರ್ಟಿಫಿಕೇಟ್ಸ್’ ಎಂಬ ಪ್ಯಾಕೇಜಿನ ಮೂಲಕ ಅದು ಯಂತ್ರಕ್ಕೆ ಬರುತ್ತದೆ. ಪ್ಯಾಕೇಜು ಹೊಸದಾದಂತೆಲ್ಲ ಹಳೆಯ ಮೂಲಗಳು ಹೋಗಿ ಹೊಸವು ಸೇರುತ್ತವೆ. ಯಂತ್ರವನ್ನು ಹೊಸದು ಮಾಡುವುದನ್ನು ನಿಲ್ಲಿಸಿದರೆ ಭಂಡಾರವೂ ಆ ದಿನಕ್ಕೆ ನಿಂತುಹೋಗುತ್ತದೆ; ಲೋಕವು ಮಾತ್ರ ನಿಲ್ಲುವುದಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಬೇಕಾಗಿದೆ. ಫೈರ್‌ಫಾಕ್ಸ್ ಬ್ರೌಸರು ತನ್ನದೇ ಆದ ಭಂಡಾರವನ್ನೂ ಪರಿಶೀಲನಾಕ್ರಮವನ್ನೂ ಹೊಂದಿದೆ. ಜಾವಾ ಭಾಷೆಗೆ ಬೇರೆಯೇ ಭಂಡಾರವುಂಟು. ಆದುದರಿಂದ ಒಂದೇ ಯಂತ್ರದಲ್ಲಿ ಬ್ರೌಸರು ತೆರೆದ ತಾಣವನ್ನು ಕರ್ಲ್ ನಿರಾಕರಿಸುವುದರಲ್ಲಿ ಆಶ್ಚರ್ಯವೇನೂ ಇಲ್ಲ. ‘ಬ್ರೌಸರಿನಲ್ಲಿ ಸರಿಯಾಗಿದೆ, ಆದ್ದರಿಂದ ಸರ್ಟಿಫಿಕೇಟು ನಿರ್ದುಷ್ಟ’ ಎಂಬ ಅನುಮಾನವು ವ್ಯಭಿಚಾರದೋಷವುಳ್ಳದ್ದು.

೩. ೨೦೨೧ರ ಸೆಪ್ಟೆಂಬರ್ ೩೦ನೆಯ ದಿನ

ಸಾಮಾನ್ಯವಾಗಿ ಹೇಳಿದುದನ್ನು ಒಂದು ವಿಶೇಷದಲ್ಲಿ ತೋರಿಸಿದರೆ ವಿಷಯವು ಸ್ಪಷ್ಟವಾಗುವುದು. ಇಂಟರ್‌ನೆಟ್ ಸೆಕ್ಯೂರಿಟಿ ರಿಸರ್ಚ್ ಗ್ರೂಪ್ ಎಂಬ ಅಮೆರಿಕದ ಲಾಭರಹಿತ ಸಂಸ್ಥೆಯವರು ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಹೆಸರಿನಲ್ಲಿ ಪ್ರಮಾಣಪತ್ರಗಳನ್ನು ಧರ್ಮಾರ್ಥವಾಗಿ ಹಂಚುವುದಕ್ಕೆ ತೊಡಗಿದರು. ಅವರ ಮೊದಲನೆಯ ಪತ್ರವು ೨೦೧೫ರ ಸೆಪ್ಟೆಂಬರಿನಲ್ಲಿ ಹೊರಟಿತು. ಅವರ ಮೂಲಪತ್ರವಾದ ‘ಐಎಸ್‌ಆರ್‌ಜಿ ರೂಟ್ ಎಕ್ಸ್೧’ ಎಂಬುದು ೨೦೧೫ರ ಜೂನ್ ೪ರಂದು ಹುಟ್ಟಿದುದು. ೨೦೩೫ರ ಜೂನ್ ೪ರ ವರೆಗೆ ಸಲ್ಲತಕ್ಕದ್ದು. ಆದರೆ ಹೊಸದಾಗಿ ಹುಟ್ಟಿದ ಮೂಲಪತ್ರವು ಯಾರ ಭಂಡಾರದಲ್ಲಿ ಇದ್ದೀತು? ಫೈರ್‌ಫಾಕ್ಸಿನಲ್ಲಿಯೇ ಅದು ಸೇರಿದುದು ೨೦೧೬ರಲ್ಲಿ ಬಂದ ೫೦ನೆಯ ಆವೃತ್ತಿಯಲ್ಲಿ. ಆ ಅಂತರವನ್ನು ದಾಟುವುದಕ್ಕಾಗಿ ಅವರು ಐಡೆನ್‌ಟ್ರಸ್ಟ್ ಎಂಬ ಹಳೆಯ ಸಂಸ್ಥೆಯಿಂದ ಅಡ್ಡಸಹಿಯನ್ನು ಪಡೆದುಕೊಂಡರು. ಐಡೆನ್‌ಟ್ರಸ್ಟಿನವರ ‘ಡಿಎಸ್‌ಟಿ ರೂಟ್ ಸಿಎ ಎಕ್ಸ್೩’ ಎಂಬ ಮೂಲಪತ್ರವು ೨೦೦೦ದ ಸೆಪ್ಟೆಂಬರ್ ೩೦ರಿಂದಲೂ ಇದ್ದುದರಿಂದ ಎಲ್ಲ ಯಂತ್ರಗಳಿಗೂ ಪರಿಚಿತವಾಗಿತ್ತು. ಹೊಸಬನ ಮಾತಿಗೆ ಊರಿನ ಹಿರಿಯನೊಬ್ಬನು ಸಾಕ್ಷಿ ನಿಂತಂತೆ ಇದು.

ಆ ಹಿರಿಯನ ಆಯುಸ್ಸು ೨೦೨೧ರ ಸೆಪ್ಟೆಂಬರ್ ೩೦ಕ್ಕೆ ಮುಗಿಯತಕ್ಕದ್ದಾಗಿತ್ತು. ಇದನ್ನು ತಿಳಿದೇ ಲೆಟ್ಸ್ ಎನ್‌ಕ್ರಿಪ್ಟಿನವರು ಅದೇ ವರ್ಷದ ಜನವರಿಯಲ್ಲಿ ತಮ್ಮ ಎಕ್ಸ್೧ ಮೂಲಕ್ಕೆ ಹಳೆಯ ಎಕ್ಸ್೩ರಿಂದ ಇನ್ನೊಂದು ಅಡ್ಡಸಹಿಯ ಪತ್ರವನ್ನು ಪಡೆದರು. ಅದು ೨೦೨೪ರ ಸೆಪ್ಟೆಂಬರ್ ೩೦ರ ವರೆಗೆ ಸಲ್ಲುವಂತೆ ಬರೆಯಲ್ಪಟ್ಟಿತ್ತು. ಸಹಿ ಹಾಕಿದವನ ಆಯುಸ್ಸಿಗಿಂತಲೂ ಸಹಿಯ ಆಯುಸ್ಸು ಹೆಚ್ಚಾಗಿರುವುದು ವಿಚಿತ್ರವಾಗಿ ಕಂಡರೂ ಅದಕ್ಕೊಂದು ಪ್ರಯೋಜನವಿತ್ತು: ೭.೧.೧ಕ್ಕಿಂತ ಹಿಂದಿನ ಆಂಡ್ರಾಯ್ಡ್ ಫೋನುಗಳು ಹೊಸ ಮೂಲವನ್ನು ಅರಿಯವು, ಭಂಡಾರದಲ್ಲಿರುವ ಮೂಲಪತ್ರದ ಅವಧಿಯನ್ನು ನೋಡುವುದೂ ಇಲ್ಲ. ಆ ಫೋನುಗಳಿಗಾಗಿ ಸರ್ವರುಗಳು ಈ ಉದ್ದನೆಯ ಸರಪಳಿಯನ್ನೇ ಕಳುಹಿಸುತ್ತಿದ್ದವು. ಅದರ ಕ್ರಮವು ಹೀಗಿತ್ತು: ಮೊದಲು ತಾಣದ ಪತ್ರ, ಬಳಿಕ ಆರ್೩ ಎಂಬ ಮಧ್ಯಪತ್ರ, ಬಳಿಕ ಎಕ್ಸ್೧ಕ್ಕೆ ಎಕ್ಸ್೩ರಿಂದ ಬಂದ ಅಡ್ಡಸಹಿಯ ಪತ್ರ. ಫೋನುಗಳಿಗೆ ಇದರಿಂದ ಹಿತವಾಯಿತು. ಹಳೆಯ ಲಿನಕ್ಸ್ ಯಂತ್ರಗಳಿಗೆ ಮಾತ್ರ ಇದೇ ವಿಪತ್ತಾಯಿತು.

೪. ದೋಷದ ಕಾರಣ

ಲಿನಕ್ಸಿನ ಅನೇಕ ಸಾಧನಗಳು ಪರಿಶೀಲನೆಯ ಕೆಲಸವನ್ನು ಓಪನ್‌ಎಸ್‌ಎಸ್‌ಎಲ್ ಎಂಬ ಗ್ರಂಥಾಲಯಕ್ಕೆ ಒಪ್ಪಿಸಿವೆ. (ಗಣಕಶಾಸ್ತ್ರದಲ್ಲಿ ಅನೇಕ ಕಾರ್ಯಕ್ರಮಗಳು ಕೂಡಿ ಬಳಸುವ ಸಂಕೇತಸಮೂಹಕ್ಕೆ ಗ್ರಂಥಾಲಯವೆಂದು ಹೆಸರು.) ಅದರ ೧.೦.೨ ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳ ಸ್ವಭಾವವೇನೆಂದರೆ, ಸರಪಳಿಯನ್ನು ಕಟ್ಟುವಾಗ ಸರ್ವರು ಕಳುಹಿಸಿದ ಪತ್ರಗಳನ್ನು ಮೊದಲು ಹಿಡಿದು, ಅವು ಮುಗಿದ ಬಳಿಕವೇ ತನ್ನ ಭಂಡಾರವನ್ನು ನೋಡುವುದು. ಹಾಗೆ ಹೋದಾಗ ಆರ್೩ ದಾಟಿ, ಅಡ್ಡಸಹಿಯ ಪತ್ರವನ್ನೂ ದಾಟಿ, ಅದನ್ನು ಕೊಟ್ಟ ಎಕ್ಸ್೩ ಮೂಲವನ್ನು ಭಂಡಾರದಲ್ಲಿ ಹುಡುಕುತ್ತದೆ. ಅದು ದೊರೆಯುತ್ತದೆ; ಆದರೆ ಅವಧಿ ತೀರಿದೆ. ಅಲ್ಲಿಗೆ ‘ಅವಧಿ ತೀರಿದೆ’ ಎಂಬ ೧೦ನೆಯ ಸಂಖ್ಯೆಯ ದೋಷವನ್ನು ಹೇಳಿ ನಿಲ್ಲುತ್ತದೆ. ಆರ್೩ಕ್ಕೆ ನೇರವಾಗಿ ಸಹಿ ಮಾಡಿರುವ, ೨೦೩೫ರ ವರೆಗೆ ಸಲ್ಲತಕ್ಕ ಎಕ್ಸ್೧ ಮೂಲವು ಅದೇ ಭಂಡಾರದಲ್ಲಿದ್ದರೂ ಅದರ ಕಡೆಗೆ ಕಣ್ಣೆತ್ತಿಯೂ ನೋಡುವುದಿಲ್ಲ.

೨೦೧೬ರಲ್ಲಿ ಬಂದ ೧.೧.೦ ಆವೃತ್ತಿಯಿಂದ ಈ ಕ್ರಮವು ತಲೆಕೆಳಗಾಯಿತು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಮೊದಲು ಭಂಡಾರವನ್ನು ನೋಡಿ, ಅಲ್ಲಿ ಇಲ್ಲದಿದ್ದರೆ ಮಾತ್ರ ಸರ್ವರು ಕಳುಹಿಸಿದುದನ್ನು ಹಿಡಿಯುವುದು ಹೊಸ ರೂಢಿ. ಆದುದರಿಂದಲೇ ಹೊಸ ಯಂತ್ರಗಳಲ್ಲಿ ಆ ದಿನ ಏನೂ ಆಗಲಿಲ್ಲ, ಉಬುಂಟು ೧೬.೦೪, ಸೆಂಟ್‌ಓಎಸ್ ೭ ಮೊದಲಾಗಿ ೧.೦.೨ನ್ನು ಇಟ್ಟುಕೊಂಡಿದ್ದ ವಿತರಣೆಗಳಲ್ಲಿ ಭಂಡಾರವನ್ನು ಸಕಾಲದಲ್ಲಿ ಹೊಸದು ಮಾಡದವರಿಗೆ ತಡೆಯುಂಟಾಯಿತು. ಇದು ಮೊದಲನೆಯ ಸಲದ ಅನುಭವವೂ ಅಲ್ಲ. ೨೦೨೦ರ ಮೇ ೩೦ರಂದು ‘ಆ್ಯಡ್‌ಟ್ರಸ್ಟ್ ಎಕ್ಸ್‌ಟರ್ನಲ್ ಸಿಎ ರೂಟ್’ ಎಂಬ ಇನ್ನೊಂದು ಹಳೆಯ ಮೂಲವು ತೀರಿದಾಗ ಇದೇ ದೋಷವು ಕಾಣಿಸಿಕೊಂಡಿತ್ತು. ಆಗ ಗ್ನೂಟಿಎಲ್‌ಎಸ್ ಎಂಬ ಮತ್ತೊಂದು ಗ್ರಂಥಾಲಯದಲ್ಲಿಯೂ ಇದಿದ್ದು, ಅದರ ೩.೬.೧೪ನೆಯ ಆವೃತ್ತಿಯಲ್ಲಿ ಸರಿಪಡಿಸಲ್ಪಟ್ಟಿತು.

ಇಲ್ಲಿಂದ ಒಂದು ವಿರೋಧಾಭಾಸವು ಹೊರಡುತ್ತದೆ. ತೀರಿದ ಎಕ್ಸ್೩ ಮೂಲವನ್ನು ಭಂಡಾರದಿಂದ ತೆಗೆದುಹಾಕಿದರೆ ತಡೆಯು ಹೋಗುತ್ತದೆ! ಪ್ರಮಾಣವೊಂದನ್ನು ಕಳೆದುಕೊಂಡುದರಿಂದ ಪ್ರಮಾಣವು ಸಿದ್ಧಿಸುವುದು ಹೇಗೆಂದರೆ: ಓಪನ್‌ಎಸ್‌ಎಸ್‌ಎಲ್ ೧.೦.೧ಎನ್ ಮತ್ತು ೧.೦.೨ಬಿ ಆವೃತ್ತಿಗಳಿಂದ ಮುಂದೆ, ಹಿಡಿದ ದಾರಿಯ ಕೊನೆಯಲ್ಲಿ ಮೂಲವು ದೊರೆಯದಿದ್ದರೆ ಹಿಂದಕ್ಕೆ ಬಂದು ಬೇರೆ ದಾರಿಯನ್ನು ಹುಡುಕುವ ಏರ್ಪಾಡುಂಟು. ಮೂಲವು ದೊರೆತು ತೀರಿಹೋಗಿದ್ದರೆ ಹಿಂದಕ್ಕೆ ಬರುವುದಿಲ್ಲ. ದೊರೆಯದಿದ್ದರೆ ಮಾತ್ರ ಬರುತ್ತದೆ. ಆಗ ಆರ್೩ರ ಮೇಲಿನ ಎಕ್ಸ್೧ ಅದಕ್ಕೆ ಕಾಣುತ್ತದೆ. ಆ ಆವೃತ್ತಿಗಳಿಗೂ ಹಿಂದಿನವುಗಳಲ್ಲಿ ಈ ಏರ್ಪಾಡಿಲ್ಲವಾದುದರಿಂದ ಅಲ್ಲಿ ಈ ಉಪಾಯವು ಫಲಿಸದು.

೨೦೨೪ರ ಫೆಬ್ರವರಿ ೮ರಿಂದ ಲೆಟ್ಸ್ ಎನ್‌ಕ್ರಿಪ್ಟಿನವರು ಈ ಅಡ್ಡಸಹಿಯ ಪತ್ರವನ್ನು ತಮ್ಮ ರೂಢಿಯ ಸರಪಳಿಯಿಂದ ಬಿಟ್ಟರು. ಸೆಪ್ಟೆಂಬರ್ ೩೦ಕ್ಕೆ ಅದೂ ತೀರಿತು. ಆದಕಾರಣ ಈಗ ಅದೇ ಹಳೆಯ ಯಂತ್ರದಲ್ಲಿ ಕಾಣುವ ದೋಷವು ಬೇರೆಯಾಗಿರಬಹುದು. ಭಂಡಾರದಲ್ಲಿ ಎಕ್ಸ್೧ ಮೂಲವೇ ಇಲ್ಲದಿದ್ದರೆ ‘ಕೊಟ್ಟವರ ಪತ್ರವು ಇಲ್ಲಿ ದೊರೆಯಲಿಲ್ಲ’ ಎಂಬ ೨೦ನೆಯ ಸಂಖ್ಯೆಯ ದೋಷವು ಬರುತ್ತದೆ. ೨೦೨೧ರ ಪರಿಹಾರವನ್ನು ಕಣ್ಣುಮುಚ್ಚಿ ಇದಕ್ಕೆ ಹಚ್ಚುವವರಿಗೆ ಫಲ ದೊರೆಯದು.

೫. ಪರೀಕ್ಷಾಕ್ರಮ

ನಿದಾನವಿಲ್ಲದೆ ಚಿಕಿತ್ಸೆಯಿಲ್ಲ. ಪರೀಕ್ಷೆಯನ್ನು ಈ ಕ್ರಮದಲ್ಲಿ ನಡೆಸುವುದು ಯುಕ್ತ.

ಮೊದಲನೆಯದಾಗಿ ಯಂತ್ರದ ಗಡಿಯಾರವನ್ನು ನೋಡಬೇಕು. ‘ಡೇಟ್’ ಎಂಬ ಕಮಾಂಡು ಇದಕ್ಕೆ ಸಾಕು. ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡಿನ ಪುಟ್ಟ ಬ್ಯಾಟರಿಯು ಸತ್ತಿದ್ದರೆ ದಿನಾಂಕವು ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಎಲ್ಲ ಪತ್ರಗಳೂ ‘ಇನ್ನೂ ಸಲ್ಲತೊಡಗಿಲ್ಲ’ ಎಂದು ತೋರುವುವು. ಇದು ೯ನೆಯ ಸಂಖ್ಯೆಯ ದೋಷ. ಇದಕ್ಕೆ ಬ್ಯಾಟರಿಯನ್ನು ಬದಲಾಯಿಸಿ ದಿನಾಂಕವನ್ನು ತಿದ್ದುವುದಲ್ಲದೆ ಬೇರೆ ಯಾವ ಪರಿಹಾರವೂ ಬೇಡ.

ಎರಡನೆಯದಾಗಿ, ಸಾಧನವು ಯಾವ ಗ್ರಂಥಾಲಯವನ್ನು ಆಶ್ರಯಿಸಿದೆಯೆಂದು ತಿಳಿಯಬೇಕು. ಕರ್ಲ್ ಸಾಧನಕ್ಕೆ ‘ವರ್ಷನ್’ ಎಂಬ ಸ್ವಿಚ್ಚನ್ನು ಕೊಟ್ಟರೆ ಓಪನ್‌ಎಸ್‌ಎಸ್‌ಎಲ್ಲೋ ಗ್ನೂಟಿಎಲ್‌ಎಸ್ಸೋ ಎನ್‌ಎಸ್‌ಎಸ್ಸೋ ಎಂಬುದನ್ನೂ ಅದರ ಆವೃತ್ತಿಯನ್ನೂ ಅದೇ ಹೇಳುವುದು. ಕರ್ಲ್ ಒಂದನ್ನೂ ಡಬ್ಲ್ಯುಗೆಟ್ ಇನ್ನೊಂದನ್ನೂ ಆಶ್ರಯಿಸಿರುವುದು ಅಪೂರ್ವವಲ್ಲ.

ಮೂರನೆಯದಾಗಿ, ಸರ್ವರು ಕಳುಹಿಸುವ ಸರಪಳಿಯನ್ನು ಕಣ್ಣಾರೆ ನೋಡಬೇಕು. ಓಪನ್‌ಎಸ್‌ಎಸ್‌ಎಲ್ಲಿನ ‘ಎಸ್-ಕ್ಲಯೆಂಟ್’ ಎಂಬ ಉಪಕರಣಕ್ಕೆ ತಾಣದ ಹೆಸರನ್ನೂ, ‘ಸರ್ವರ್‌ನೇಮ್’, ‘ಷೋಸರ್ಟ್ಸ್’ ಎಂಬ ಸ್ವಿಚ್ಚುಗಳನ್ನೂ ಕೊಟ್ಟರೆ ಪ್ರತಿಯೊಂದು ಪತ್ರವೂ ಯಾರದು, ಯಾರು ಕೊಟ್ಟುದು ಎಂಬುದು ತೆರೆಯ ಮೇಲೆ ಬರುತ್ತದೆ. ಒಂದು ಪತ್ರವನ್ನು ಕೊಟ್ಟವನ ಹೆಸರು ಮುಂದಿನ ಪತ್ರದ ಒಡೆಯನ ಹೆಸರೊಡನೆ ಹೊಂದಬೇಕು. ವಂಶಾವಳಿಯನ್ನು ಓದಬಲ್ಲವರಿಗೆ ಇದನ್ನು ಓದುವುದು ಸುಲಭ. ೧.೦.೨ ಆವೃತ್ತಿಯಲ್ಲಿ ‘ಟ್ರಸ್ಟೆಡ್-ಫಸ್ಟ್’ ಎಂಬ ಸ್ವಿಚ್ಚನ್ನು ಸೇರಿಸಿ ಮತ್ತೊಮ್ಮೆ ನೋಡಿದಾಗ ದೋಷವು ಮಾಯವಾದರೆ, ನಾಲ್ಕನೆಯ ಪ್ರಕರಣದಲ್ಲಿ ಹೇಳಿದ ಕಾರಣವೇ ಇಲ್ಲಿಯೂ ಇದೆಯೆಂದು ನಿಶ್ಚಯಿಸಬಹುದು.

ಈ ಪರೀಕ್ಷೆಯಲ್ಲಿ ಇನ್ನು ಮೂರು ಸಂಗತಿಗಳು ಹೊರಬೀಳಬಹುದು. ಸರ್ವರಿನವರು ಮಧ್ಯಪತ್ರವನ್ನು ಕಳುಹಿಸುವುದನ್ನು ಮರೆತಿದ್ದರೆ ಸರಪಳಿಯು ಮೊದಲ ಕೊಂಡಿಯಲ್ಲಿಯೇ ಕಡಿಯುತ್ತದೆ. ಬ್ರೌಸರುಗಳು ಆ ಕೊರತೆಯನ್ನು ತಾವೇ ತುಂಬಿಕೊಳ್ಳುವುದರಿಂದ ಅದು ಅಲ್ಲಿ ಕಾಣದು. ತಪ್ಪು ಸರ್ವರಿನವರದಾದುದರಿಂದ ಅವರಿಗೆ ತಿಳಿಸಬೇಕು. ಸರಪಳಿಯಲ್ಲಿ ತಾನೇ ಸಹಿ ಮಾಡಿಕೊಂಡ ಅಪರಿಚಿತ ಪತ್ರವಿದ್ದರೆ ೧೯ನೆಯ ಸಂಖ್ಯೆಯ ದೋಷವು ಬರುತ್ತದೆ. ಕಾಲೇಜು ಕಚೇರಿಗಳಲ್ಲಿ ಸಂಚಾರವನ್ನು ಸೋಸುವ ಯಂತ್ರವು ನಡುವೆ ನಿಂತು ತನ್ನ ಪತ್ರವನ್ನು ಒಡ್ಡುವಾಗ ಹೀಗಾಗುವುದುಂಟು. ಇದನ್ನು ಅಲ್ಲಿಯ ಅಧಿಕಾರಿಗಳಲ್ಲಿ ವಿಚಾರಿಸದೆ ನಂಬತಕ್ಕದ್ದಲ್ಲ. ಹೆಸರು ಹೊಂದದೆ ಇರುವುದು ಮೂರನೆಯದು. ಒಂದೇ ವಿಳಾಸದಲ್ಲಿ ಅನೇಕ ತಾಣಗಳಿರುವಾಗ ಬೇಕಾದ ತಾಣದ ಹೆಸರನ್ನು ಮೊದಲೇ ಹೇಳುವ ಪದ್ಧತಿಯು ಡಬ್ಲ್ಯುಗೆಟ್ ಸಾಧನಕ್ಕೆ ೨೦೧೨ರ ೧.೧೪ನೆಯ ಆವೃತ್ತಿಯಲ್ಲಿ ಬಂದಿತು. ಅದಕ್ಕಿಂತ ಹಳೆಯದು ಹೆಸರನ್ನು ಹೇಳದೆ ಬಾಗಿಲು ತಟ್ಟುತ್ತದೆ. ನೆರೆಮನೆಯವರು ಬಂದು ತೆರೆದರೆಂದು ದೂರುತ್ತದೆ. ಸಾಧನವನ್ನು ಹೊಸದು ಮಾಡುವುದೇ ಇದಕ್ಕೆ ಪರಿಹಾರ.

೬. ಪರಿಹಾರಕ್ರಮ

ಉತ್ತಮವಾದ ಪರಿಹಾರವು ಯಂತ್ರದ ವಿತರಣೆಯನ್ನೇ ಹೊಸದು ಮಾಡುವುದು. ಓಪನ್‌ಎಸ್‌ಎಸ್‌ಎಲ್ ೧.೦.೨ರ ಸಾರ್ವಜನಿಕ ಪೋಷಣೆಯು ೨೦೧೯ರ ಡಿಸೆಂಬರ್ ೩೧ಕ್ಕೂ, ಸೆಂಟ್‌ಓಎಸ್ ೭ರದು ೨೦೨೪ರ ಜೂನ್ ೩೦ಕ್ಕೂ ಮುಗಿದಿವೆ. ಆದರೆ ಹಳೆಯ ಸ್ಕ್ಯಾನರೊಂದು ಹಳೆಯ ವಿತರಣೆಯಲ್ಲಿ ಮಾತ್ರ ನಡೆಯುವುದು, ಯಂತ್ರದ ಶಕ್ತಿಯು ಸಾಲದಿರುವುದು ಮೊದಲಾದ ಕಾರಣಗಳಿಂದ ಇದು ಕೂಡದಿದ್ದಲ್ಲಿ ಮಧ್ಯಮವಾದ ಪರಿಹಾರವುಂಟು.

ಮೊದಲು ಆ ವಿತರಣೆಗೆ ಬಂದ ಕೊನೆಯ ಸಿಎ-ಸರ್ಟಿಫಿಕೇಟ್ಸ್ ಪ್ಯಾಕೇಜನ್ನು ಹಾಕಿಕೊಳ್ಳಬೇಕು. ಬಳಿಕ ಭಂಡಾರದಲ್ಲಿ ಎಕ್ಸ್೧ ಮೂಲವು ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಅದನ್ನು ತಂದು ಸೇರಿಸಬೇಕು. ಡೆಬಿಯನ್, ಉಬುಂಟು ಯಂತ್ರಗಳಲ್ಲಿ ‘ಯುಎಸ್‌ಆರ್, ಲೋಕಲ್, ಷೇರ್, ಸಿಎ-ಸರ್ಟಿಫಿಕೇಟ್ಸ್’ ಎಂಬ ಡೈರೆಕ್ಟರಿಯಲ್ಲಿ ‘ಸಿಆರ್‌ಟಿ’ ಎಂಬ ಕೊನೆಯುಳ್ಳ ಹೆಸರಿನಿಂದ ಇರಿಸಿ ‘ಅಪ್‌ಡೇಟ್-ಸಿಎ-ಸರ್ಟಿಫಿಕೇಟ್ಸ್’ ಕಮಾಂಡನ್ನು ಕೊಡಬೇಕು. ರೆಡ್‌ಹ್ಯಾಟ್ ಕುಟುಂಬದ ಯಂತ್ರಗಳಲ್ಲಿ ‘ಇಟಿಸಿ, ಪಿಕೆಐ, ಸಿಎ-ಟ್ರಸ್ಟ್, ಸೋರ್ಸ್, ಆ್ಯಂಕರ್ಸ್’ ಎಂಬಲ್ಲಿ ಇರಿಸಿ ‘ಅಪ್‌ಡೇಟ್-ಸಿಎ-ಟ್ರಸ್ಟ್’ ಕಮಾಂಡನ್ನು ಕೊಡಬೇಕು.

ಎಕ್ಸ್೧ ಇದೆಯೆಂದು ಖಚಿತವಾದ ಮೇಲೆಯೇ ತೀರಿದ ಎಕ್ಸ್೩ನ್ನು ತೆಗೆಯಬೇಕು. ಡೆಬಿಯನ್ ಕುಟುಂಬದಲ್ಲಿ ಇಟಿಸಿ ಡೈರೆಕ್ಟರಿಯ ‘ಸಿಎ-ಸರ್ಟಿಫಿಕೇಟ್ಸ್ ಡಾಟ್ ಕಾನ್ಫ್’ ಫೈಲಿನೊಳಗೆ ಆ ಮೂಲದ ಸಾಲಿನ ಮೊದಲಿಗೆ ಒಂದು ಆಶ್ಚರ್ಯಸೂಚಕ ಚಿಹ್ನೆಯನ್ನಿಟ್ಟು ಮೇಲ್ಕಂಡ ಕಮಾಂಡನ್ನೇ ಕೊಡಬೇಕು. ಸೆಂಟ್‌ಓಎಸ್ ೭ರಲ್ಲಿ ಆ ಪತ್ರವನ್ನು ಸೋರ್ಸ್ ಡೈರೆಕ್ಟರಿಯ ‘ಬ್ಲ್ಯಾಕ್‌ಲಿಸ್ಟ್’ ಎಂಬಲ್ಲಿ ಇರಿಸಿದರೆ ಅದು ತ್ಯಾಜ್ಯವೆಂದು ಗಣಿಸಲ್ಪಡುವುದು.

ಇಲ್ಲಿ ಒಂದು ಸೂಕ್ಷ್ಮವುಂಟು. ಎಕ್ಸ್೧ ಮೂಲವನ್ನು ತರುವುದು ಎಲ್ಲಿಂದ? ಪರಿಶೀಲಿಸಲಾರದ ಅದೇ ಯಂತ್ರದಲ್ಲಿ ಪರಿಶೀಲನೆಯನ್ನು ನಿಲ್ಲಿಸಿ ಮೂಲಪತ್ರವನ್ನು ತಂದು, ಮುಂದಿನ ಪರಿಶೀಲನೆಗಳಿಗೆಲ್ಲ ಅದನ್ನೇ ಆಧಾರವಾಗಿ ಇಟ್ಟುಕೊಳ್ಳುವುದು ಎಷ್ಟು ಅಸಂಗತವೆಂಬುದನ್ನು ತರ್ಕಶಾಸ್ತ್ರವನ್ನು ಓದಿದವರಿಗೆ ವಿವರಿಸಬೇಕಾಗಿಲ್ಲ. ಯಾವುದು ಸಿದ್ಧವಾಗಬೇಕೋ ಅದನ್ನೇ ಸಿದ್ಧವೆಂದು ಹಿಡಿದು ಸಾಧಿಸುವುದು ಆತ್ಮಾಶ್ರಯದೋಷ. ಆದುದರಿಂದ ಮೂಲಪತ್ರವನ್ನು ಸುಸ್ಥಿತಿಯಲ್ಲಿರುವ ಬೇರೆ ಯಂತ್ರದಲ್ಲಿ ತೆಗೆದುಕೊಂಡು, ಪೆನ್‌ಡ್ರೈವಿನಲ್ಲಿ ತಂದು, ಅದರ ‘ಎಸ್‌ಎಚ್‌ಎ-೨೫೬’ ಬೆರಳಚ್ಚನ್ನು ಪ್ರಕಟವಾಗಿರುವ ಬೆರಳಚ್ಚಿನೊಡನೆ ಅಕ್ಷರಶಃ ತಾಳೆನೋಡಿ ಆಮೇಲೆ ಸೇರಿಸಬೇಕು. ಡೆಬಿಯನ್ನಿನ ಪ್ಯಾಕೇಜುಗಳಿಗಾದರೋ ಈ ಸರಪಳಿಗೆ ಸಂಬಂಧಪಡದ ಬೇರೆಯೇ ಸಹಿಯಿದ್ದು, ಅದು ಯಂತ್ರದಲ್ಲಿ ಮೊದಲೇ ಇರುವ ಕೀಲಿಯಿಂದ ಪರೀಕ್ಷಿಸಲ್ಪಡುವುದರಿಂದ, ಆ ದಾರಿಯಲ್ಲಿ ಬಂದ ಭಂಡಾರಕ್ಕೆ ಈ ದೋಷವು ತಟ್ಟದು.

೭. ತ್ಯಾಜ್ಯವಾದ ಉಪಾಯ

ಕರ್ಲ್ ಸಾಧನದ ‘ಇನ್‌ಸೆಕ್ಯೂರ್’, ಡಬ್ಲ್ಯುಗೆಟ್ ಸಾಧನದ ‘ನೋ-ಚೆಕ್-ಸರ್ಟಿಫಿಕೇಟ್’ ಎಂಬ ಸ್ವಿಚ್ಚುಗಳೂ, ಗಿಟ್ ಸಾಧನದಲ್ಲಿ ‘ಎಸ್‌ಎಸ್‌ಎಲ್-ವೆರಿಫೈ’ ಎಂಬುದನ್ನು ನಿಲ್ಲಿಸುವುದೂ ಪರಿಶೀಲನೆಯನ್ನೇ ಇಲ್ಲವಾಗಿಸುತ್ತವೆ. ಇವುಗಳಿಂದ ತಡೆಯು ಹೋಗುವುದು ನಿಜ. ಜ್ವರಮಾಪಕವನ್ನು ಮುರಿದರೆ ಜ್ವರವು ಕಾಣದಿರುವುದೂ ನಿಜವೇ. ನಡುವೆ ಕುಳಿತ ಯಾರೇ ಆಗಲಿ ತಾನೇ ಆ ತಾಣವೆಂದು ನಟಿಸಿ ತನಗೆ ಬೇಕಾದುದನ್ನು ಕಳುಹಿಸಬಹುದು. ಬಂದ ಫೈಲಿನಲ್ಲಿ ಅದರ ಗುರುತು ಉಳಿಯುವುದಿಲ್ಲ. ಇದಕ್ಕಿಂತಲೂ ಹೆಚ್ಚಿನ ಕೇಡೆಂದರೆ, ಒಂದು ದಿನದ ಅವಸರಕ್ಕೆ ಬರೆದ ಸ್ವಿಚ್ಚು ಸ್ಕ್ರಿಪ್ಟಿನಲ್ಲಿಯೇ ಉಳಿದು, ಬರೆದವರು ಬೇರೆಡೆಗೆ ಹೋದಮೇಲೂ ವರ್ಷಗಟ್ಟಲೆ ಮೌನವಾಗಿ ತನ್ನ ಕೆಲಸವನ್ನು ಮಾಡುತ್ತಿರುತ್ತದೆ. ಮುಂದೆ ಆ ಭಂಡಾರದಿಂದ ಪಾಠವನ್ನು ತೆಗೆದುಕೊಂಡು ಸಂಪಾದಿಸುವವರಿಗೆ, ಈ ಪ್ರತಿಯು ಮೂಲದ ತಾಣದಿಂದಲೇ ಬಂದುದೆಂದು ಹೇಳುವವರು ಯಾರು?

ಪಾಠಾಂತರವನ್ನು ಒಂದಕ್ಷರವಾದರೂ ಬಿಡದೆ ಗುರುತಿಸುವುದನ್ನೂ, ಪ್ರತಿಯು ಯಾರ ಮನೆಯಿಂದ ಯಾವಾಗ ದೊರೆಯಿತೆಂದು ಪೀಠಿಕೆಯಲ್ಲಿ ಹೇಳುವುದನ್ನೂ ನಮ್ಮ ವಿದ್ವಾಂಸರು ವ್ರತದಂತೆ ಪಾಲಿಸಿಕೊಂಡು ಬಂದಿದ್ದಾರೆ. ಓಲೆಗರಿಗೆ ಸಲ್ಲುವ ಆ ಎಚ್ಚರವು ಗಣಕಯಂತ್ರದ ಪ್ರತಿಗೂ ಸಲ್ಲಬೇಕಾದುದು ನ್ಯಾಯ. ಪ್ರಮಾಣಪತ್ರದ ತಡೆಯು ಕೆಲಸಕ್ಕೆ ಬಂದ ವಿಘ್ನವಲ್ಲ. ‘ನಾನು ಬಲ್ಲ ಮುದ್ರೆ ಇದಲ್ಲ’ ಎಂದು ಯಂತ್ರವು ಹೇಳುವ ಸತ್ಯವಾಕ್ಯ. ಗಡಿಯಾರ, ಗ್ರಂಥಾಲಯ, ಸರಪಳಿ, ಭಂಡಾರ ಈ ನಾಲ್ಕನ್ನೂ ಹೇಳಿದ ಕ್ರಮದಲ್ಲಿ ಪರೀಕ್ಷಿಸುವುದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯದು. ಆ ಅರ್ಧ ಗಂಟೆಯನ್ನು ಉಳಿಸಿ ತಂದ ಗ್ರಂಥರಾಶಿಯು, ಮುದ್ರೆಯೊಡೆದ ಶಾಸನದಂತೆ, ಎಷ್ಟು ದೊಡ್ಡದಾಗಿದ್ದರೂ ಸಾಕ್ಷಿಗೆ ನಿಲ್ಲಲಾರದು.